ಬೆಡ್‌ಶೀಟಿನ ಇನ್ನೊಂದು ತುದಿ

ದೊಡ್ಡಕ್ಕನಿಗೆ ಆ ಸಂಜೆ ಬಂದಷ್ಟು ಕೋಪ, ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಗಂಡನ ಮೇಲೂ ಬಂದಿರಲಿಲ್ಲ. (ಗಂಡನ ಮೇಲೆ ಬಂದದ್ದೇನೂ ಕಡಿಮೆಯಲ್ಲ, ಅದಕ್ಕೆ ಇಡೀ ಬೀದಿಯೇ ಸಾಕ್ಷಿ.) ಚಪ್ಪಲಿಗಳನ್ನು ಒಂದೊಂದು ದಿಕ್ಕಿಗೆ ಎಸೆದು ಒಳಗೆ ಬಂದವಳೇ ಶುರು ಮಾಡಿದಳು.

"ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳು, ನನಗೆ ಹೇಳ್ತಾಳೆ ರೀ! 'ಅಕ್ಕಾ, ಅಂಚು ಸ್ವಲ್ಪ ಸೊಟ್ಟ ಬಂತಲ್ವಾ?' ಅಂತ. ಅದೂ ಮ್ಯಾನೇಜರ್ ಎದುರಿಗೆ!"

ಕೈಗಡಿಯಾರ ರಿಪೇರಿ ಮಾಡುವ ಗಂಡ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಕೇಳಿದ. "ಸೊಟ್ಟ ಬಂದಿತ್ತಾ?"

"ಪ್ರಶ್ನೆ ಅದಲ್ಲ!"

ಪ್ರಶ್ನೆ ಅದೇ ಆಗಿತ್ತು. ದೊಡ್ಡಕ್ಕನ ಕೆಲಸ ಒಂದು ದೊಡ್ಡ ಹೋಟೆಲಿನ ಬಟ್ಟೆ ಮಡಚುವ ಕೋಣೆಯಲ್ಲಿ. ಅಲ್ಲಿ ನಾಲ್ವರು ಹೆಂಗಸರು, ಎರಡು ಜೋಡಿ; ಹೊಸಬಳು ಐದನೆಯವಳು, ಕೈ ಖಾಲಿ ಇದ್ದವರೇ ಅವಳಿಗೆ ಜೋಡಿ. ಆ ಅಗಲದ ಬೆಡ್‌ಶೀಟನ್ನು ಇಬ್ಬರು ಎದುರುಬದುರು ನಿಂತು ಹಿಡಿದು, ಒದರಿ, ಹತ್ತಿರ ಬಂದು ತುದಿ ಕೂಡಿಸಿ, ಮತ್ತೆ ಹಿಂದೆ ಸರಿಯಬೇಕು. ಹತ್ತಿರ ಬಂದಾಗಲೆಲ್ಲ ಒಂದು ಗುಟ್ಟು. ಒಬ್ಬ ಸೊಸೆಯ ಚರಿತ್ರೆ ಮುಗಿಯಲು ಏನಿಲ್ಲವೆಂದರೂ ಹನ್ನೆರಡು ಬೆಡ್‌ಶೀಟ್ ಬೇಕಾಗುತ್ತಿತ್ತು. ಹತ್ತೊಂಬತ್ತು ವರ್ಷಗಳಿಂದ ಆ ಕೋಣೆಯ ಸಾಮ್ರಾಜ್ಞಿ ದೊಡ್ಡಕ್ಕನೇ.

ಆದರೆ ಎರಡು ವರ್ಷಗಳಿಂದ ಸಾಮ್ರಾಜ್ಞಿಯ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಅವಳ ಜೋಡಿಯಾದ ಕನ್ನಡಕದವಳು ಆ ಕೊರತೆಯನ್ನು ತನ್ನ ಕೈಯಲ್ಲಿ ಸರಿದೂಗಿಸಿಕೊಂಡು ಬರುತ್ತಿದ್ದಳು. ಅವಳಿಗೂ ದೊಡ್ಡಕ್ಕನ ಗಂಡನಿಗೂ ಬಿಟ್ಟರೆ ಈ ಸಂಗತಿ ಯಾರಿಗೂ ಗೊತ್ತಿಲ್ಲ. ಮ್ಯಾನೇಜರನಿಗೆ ಗೊತ್ತಾದರೆ, ಕೆಳಗಿನ ಒಗೆಯುವ ಕೋಣೆಯ ಥಂಡಿಯೇ ಗತಿ. ಹೊಸಬಳ ಮಾತು ಬಟ್ಟೆಯ ಅಂಚಿಗೆ ತಗುಲಿದ್ದಲ್ಲ, ನೇರ ಭುಜಕ್ಕೇ ತಗುಲಿತ್ತು. ಪಾಪ, ಅವಳಿಗೆ ಅದೇನು ಗೊತ್ತು!

ಮುಖ ತೊಳೆಯುವಾಗ ದೊಡ್ಡಕ್ಕನಿಗೆ ಮಹಾಯೋಜನೆಯೊಂದು ಹೊಳೆಯಿತು.

"ಬೈಯೋದು ಬೇಡ, ಜಗಳ ಬೇಡ. ಅವಳ ಬೆಡ್‌ಶೀಟಿನ ಇನ್ನೊಂದು ತುದೀನ ಯಾರೂ ಹಿಡಿಯಬಾರದು. ಕೇಳಿದ್ರೆ 'ಕೈ ಖಾಲಿ ಇಲ್ಲ' ಅಂದುಬಿಡೋದು, ಅಷ್ಟೇ."

"ಹಿಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದ ಗಂಡ. "ನಾವು ಗಂಡಸರಾದ್ರೆ ಎರಡು ಏಟು ಕೊಟ್ಟು, ಎರಡು ತಿಂದು, ಅಲ್ಲಿಗೇ ಮುಗಿಸ್ತಿದ್ವಿ."

"ಅದಕ್ಕೇ ನೀವು ಒರಟರು. ನಮ್ಮಲ್ಲಿ ಒಂದು ಗೀರು ಗಾಯವೂ ಆಗಲ್ಲ, ನೋಡ್ತಾ ಇರಿ" ಎಂದಳು ದೊಡ್ಡಕ್ಕ, ಹೆಮ್ಮೆಯಿಂದ.

ನಿಜಕ್ಕೂ ಗೀರು ಗಾಯವೂ ಆಗಲಿಲ್ಲ. ಹೊಸಬಳು ಬೆಡ್‌ಶೀಟಿನ ಎರಡು ಮೂಲೆ ಹಿಡಿದು "ಅಕ್ಕಾ, ಒಂದು ಕೈ ಹಿಡೀತೀರಾ?" ಎಂದು ಒಬ್ಬೊಬ್ಬರನ್ನೇ ಕೇಳಿದಳು. ಕನ್ನಡಕದವಳು ಕನ್ನಡಕ ಒರೆಸತೊಡಗಿದಳು. ಉಳಿದಿಬ್ಬರಿಗೆ ಇದ್ದಕ್ಕಿದ್ದಂತೆ ಬಾಯಾರಿಕೆಯಾಯಿತು. ದೊಡ್ಡಕ್ಕ ಖಾಲಿ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡೇ "ಕೈ ಖಾಲಿ ಇಲ್ಲಮ್ಮಾ" ಎಂದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಹೊಸಬಳು ಒಬ್ಬಳೇ ಮಡಚಿದ್ದು ಮೂಟೆಯ ಹಾಗಿತ್ತು. ಮ್ಯಾನೇಜರ್ ಎಲ್ಲರೆದುರೇ ಅದನ್ನು ಬಿಚ್ಚಿಸಿ ಬೈದ. ಆ ಮಧ್ಯಾಹ್ನ ಅವಳು ನಲ್ಲಿಯ ಹತ್ತಿರ ನೀರು ಬಿಟ್ಟುಕೊಂಡು ಅಳುತ್ತಿದ್ದದ್ದನ್ನು ದೊಡ್ಡಕ್ಕ ಕಣ್ಣಾರೆ ಕಂಡಳು. ನೀರಿಗೆಂದು ಲೋಟ ಹಿಡಿದು ಹೋದವಳು ಅದನ್ನು ತುಂಬಿಸಿಕೊಳ್ಳದೆಯೇ ವಾಪಸು ಬಂದಳು. ಆಗ ಒಂದು ಹೆಜ್ಜೆ ಮುಂದಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಎರಡು ವಾರವಾದ ಮೇಲೆ ಹೊಸಬಳು ಕೇಳುವುದನ್ನು ಬಿಟ್ಟಳು. ಕಿಟಕಿಯ ಸರಳಿಗೆ ಎತ್ತರದಲ್ಲಿ ಎರಡು ಕ್ಲಿಪ್ಪು ಸಿಕ್ಕಿಸಿ, ಅವಕ್ಕೆ ಎರಡು ಮೂಲೆ ಕಚ್ಚಿಸಿ, ಗಲ್ಲದ ಕೆಳಗೆ ನಡುವಂಚು ಒತ್ತಿಕೊಂಡು, ಪಟಪಟ ಅಂತ ಮಡಚತೊಡಗಿದಳು. ಮಾತಿಲ್ಲ, ಕಥೆಯಿಲ್ಲ. ಅವಳ ರಾಶಿ ಉಳಿದ ಜೋಡಿಗಳ ರಾಶಿಗಿಂತ ಎತ್ತರ ಬೆಳೆಯಿತು. ಅಂಚುಗಳೋ, ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ.

ಮ್ಯಾನೇಜರ್ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. "ಒಬ್ಬರ ಕೆಲಸಕ್ಕೆ ಇಷ್ಟು ವರ್ಷ ಇಬ್ಬರು ಯಾಕೆ?" ಎಂದ. ಸೋಮವಾರದಿಂದ ಎಲ್ಲರೂ ಒಂಟಿಯಾಗಿ ಮಡಚಬೇಕು, ಕೈಲಾಗದವರು ಕೆಳಗೆ ಒಗೆಯುವ ಕೋಣೆಗೆ ಇಳಿಯಬೇಕು ಎಂದು ಅಪ್ಪಣೆಯಾಯಿತು. ಕಲಿಸುವ ಗುರು ಹೊಸಬಳೇ!

ಶಿಷ್ಯೆ ದೊಡ್ಡಕ್ಕ ಕ್ಲಿಪ್ಪಿಗೆ ಕೈ ಚಾಚಿದಳು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು.

"ನೋವಾ ಅಕ್ಕಾ?" ಹೊಸಬಳು ಪಿಸುಗುಟ್ಟಿದಳು. "ಮೊದಲೇ ಹೇಳಬಾರದಿತ್ತಾ? ಆವತ್ತು ನಾನು ಆ ಮಾತು ಆಡ್ತಾನೇ ಇರಲಿಲ್ಲ."

ಅವಳು ಕ್ಲಿಪ್ಪುಗಳನ್ನು ಕೆಳಗಿಳಿಸಿದಳು. ಆಗ ಬೆಡ್‌ಶೀಟ್ ನೆಲಕ್ಕೆ ತಾಗಿ ಮತ್ತೆ ಒಗೆತಕ್ಕೆ ಹೋಯಿತು. ಕೊನೆಗೆ ಅವಳೇ ಮ್ಯಾನೇಜರನ ಬೆನ್ನು ಬಿದ್ದು, ದೊಡ್ಡಕ್ಕನನ್ನು ಕೆಳಗೆ ಕಳಿಸದೆ ಮೂಲೆಯ ಮೇಜಿನಲ್ಲಿ ಕರವಸ್ತ್ರ ಮಡಚಲು ಕೂರಿಸಿದಳು. ಹತ್ತೊಂಬತ್ತು ವರ್ಷದ ಸಾಮ್ರಾಜ್ಯ ಅಂಗೈ ಅಗಲಕ್ಕೆ ಇಳಿಯಿತು. ಕನ್ನಡಕದವಳೂ ಉಳಿದಿಬ್ಬರೂ ಒಂದೊಂದು ಕಿಟಕಿಗೆ ಮುಖ ಮಾಡಿ, ಗಲ್ಲದ ಕೆಳಗೆ ಬಟ್ಟೆ ಅವುಚಿಕೊಂಡು ನಿಂತರು. ಗಲ್ಲ ಅಲ್ಲಾಡಿಸಿದರೆ ಬಟ್ಟೆ ಬೀಳುತ್ತದೆ, ಇನ್ನು ಮಾತೆಲ್ಲಿ?

ಒಂದು ದಿನ ಮ್ಯಾನೇಜರ್ ರಜೆಯಲ್ಲಿದ್ದ. ದೊಡ್ಡಕ್ಕ ಎದ್ದು ಹೊಸಬಳ ಹತ್ತಿರ ಹೋದಳು. ತಪ್ಪಾಯಿತು ಎನ್ನಬೇಕೆಂದು ರಾತ್ರಿಯೆಲ್ಲ ಉರು ಹೊಡೆದಿದ್ದಳು. ಬಾಯಿಗೆ ಬಂದದ್ದು ಬೇರೆ.

"ಕೊಡಮ್ಮಾ, ಆ ತುದಿ ನಾನು ಹಿಡೀತೀನಿ. ಕೈ ಖಾಲಿ ಇದೆ."

ಹೊಸಬಳು ನಕ್ಕಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. "ಬೇಡ ಅಕ್ಕಾ. ಒಬ್ಬಳೇ ಮಾಡಿ ಅಭ್ಯಾಸ ಆಗೋಗಿದೆ. ಈಗ ಯಾರಾದ್ರೂ ಹಿಡಿದ್ರೆ ಸೊಟ್ಟ ಬರುತ್ತೆ."

ಸಂಜೆ ದೊಡ್ಡಕ್ಕ ಮನೆಗೆ ಬಂದು ಚಪ್ಪಲಿಗಳನ್ನು ಜೋಡಿಸಿಟ್ಟಳು. ಅದನ್ನು ನೋಡಿಯೇ ಗಂಡನಿಗೆ ಗಾಬರಿಯಾಯಿತು. ನಡೆದದ್ದನ್ನೆಲ್ಲ ಹೇಳಿದಳು. ಆತ ತಮಾಷೆ ಮಾಡಲಿಲ್ಲ. ಹಗ್ಗದ ಮೇಲೆ ಒಣಗಿದ್ದ ಮನೆಯ ಬೆಡ್‌ಶೀಟನ್ನು ತಂದು, ಒಂದು ತುದಿ ಅವಳಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ನಿಂತ. ಇಬ್ಬರೂ ಹತ್ತಿರ ಬಂದು ಅಂಚು ಕೂಡಿಸಿದರು. ನಾಲ್ಕು ಬೆರಳಷ್ಟು ಸೊಟ್ಟ. ಆತ ಅದನ್ನು ನೋಡಿದ, ಹೆಂಡತಿಯ ಮುಖ ನೋಡಿದ.

"ಅನ್ನಿ ರೀ" ಎಂದಳು ದೊಡ್ಡಕ್ಕ, ಮೂಗು ಒರೆಸಿಕೊಳ್ಳುತ್ತ. "ಸೊಟ್ಟ ಬಂತು ಅಂತ ಅನ್ನಿ. ನಾನೇನೂ ಅನ್ಕೊಳ್ಳಲ್ಲ."