ದನದ ಹಲ್ಲು ಬಲ್ಲವನ ಅವಸ್ಥೆ

ನನ್ನ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿದ್ದದ್ದು ಒಂದೇ ಒಂದು ವಿಷಯದಲ್ಲಿ. ಅದು ಹಲ್ಲು. ಬಟ್ಟೆ, ಅಡುಗೆ, ನೆಂಟರು, ಕಿಟಕಿಯ ಪರದೆ, ಮಗಳ ಓದು, ನನ್ನ ಸ್ವಂತ ತಲೆಗೂದಲು, ಇವೆಲ್ಲದರ ಮೇಲೂ ಅಂತಿಮ ತೀರ್ಪು ನನ್ನ ಹೆಂಡತಿಯದು. ಹಲ್ಲಿನ ಖಾತೆಯೊಂದು ಮಾತ್ರ ನನ್ನ ಪಾಲಿಗೆ ಉಳಿದಿತ್ತು. ಈಗ ಅದೂ ಹೋಯಿತು. ಹೇಗೆ ಹೋಯಿತೆಂದು ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಆಗುತ್ತದೆಂಬ ನಂಬಿಕೆ ನನಗಿಲ್ಲ, ಆದರೂ ಹೇಳುತ್ತೇನೆ.

ನಾನು ಜಾನುವಾರು ವಿಮೆಯ ತಪಾಸಣಾಧಿಕಾರಿ. ದನಗಳಿಗೆ ಜನನ ಪ್ರಮಾಣಪತ್ರ ಇರುವುದಿಲ್ಲ. ಒಡೆಯನನ್ನು ಕೇಳಿದರೆ ಅವನ ಎಲ್ಲ ಹಸುಗಳಿಗೂ ನಾಲ್ಕೇ ವರ್ಷ, ಅವು ಹುಟ್ಟುವಾಗಲೇ ನಾಲ್ಕು ವರ್ಷದವಾಗಿದ್ದವೋ ಎಂಬಂತೆ. ಆದ್ದರಿಂದ ನಾನು ಹೋಗಿ, ಮೂಗು ಹಿಡಿದು, ತುಟಿ ಮಡಚಿ, ಕೆಳಸಾಲಿನ ಎಂಟು ಮುಂದಿನ ಹಲ್ಲು ನೋಡುತ್ತೇನೆ. (ಮೇಲ್ಸಾಲಿನಲ್ಲಿ ದನಕ್ಕೆ ಮುಂದಿನ ಹಲ್ಲೇ ಇಲ್ಲ. ಸೃಷ್ಟಿಕರ್ತ ಅಲ್ಲಿ ಉಳಿತಾಯ ಮಾಡಿದ್ದಾನೆ.) ನಡುವಿನ ಎರಡು ಹಾಲುಹಲ್ಲು ಬಿದ್ದು ಅಗಲದವು ಬಂದಿದ್ದರೆ ಎರಡು ವರ್ಷ ದಾಟಿತು, ಆಮೇಲೆ ಜೋಡಿ ಜೋಡಿಯಾಗಿ ಬಂದು ಎಂಟೂ ಕೂಡಿದರೆ ಪ್ರಾಯ ಪೂರ್ತಿ. ಮುದ್ರೆ ಒತ್ತಿ ಸಹಿ ಹಾಕುತ್ತೇನೆ. ಹಿಂದಿನ ದವಡೆ ಹಲ್ಲುಗಳ ಗೊಡವೆಗೆ ನಮ್ಮ ಕಚೇರಿಯಲ್ಲಿ ಯಾರೂ ಹೋಗುವುದಿಲ್ಲ. ಹೋದ ಹಿರಿಯರೊಬ್ಬರ ಬಲಗೈಯಲ್ಲಿ ಈಗ ನಾಲ್ಕೂವರೆ ಬೆರಳಿದೆ.

ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದ ಮೇಲೆ ಯಾವ ಬಾಯಿಯಾದರೂ ನನಗೆ ತೆರೆದ ಪುಸ್ತಕ ಎಂಬ ಧೈರ್ಯ ಬಂದಿತ್ತು. ಮಗಳಿಗೆ ಏಳನೇ ತಿಂಗಳಲ್ಲಿ ಮೊದಲ ಹಲ್ಲು ಇಣುಕಿದಾಗ ದಿನಾಂಕ ಬರೆದಿಟ್ಟವನು ನಾನು. ಎರಡೂವರೆ ವರ್ಷಕ್ಕೆ ಇಪ್ಪತ್ತೂ ಕೂಡಿದಾಗ ಪಕ್ಕದಲ್ಲಿ ಸಹಿಯನ್ನೂ ಹಾಕಿದೆ. (ಅಭ್ಯಾಸಬಲ.) ಆರರ ಪ್ರಾಯದಲ್ಲಿ ಕೆಳಗಿನ ನಡುವಿನ ಎರಡು ಬಿದ್ದು, ಹೊಸವು ಗರಗಸದ ಹಾಗೆ ಕಚ್ಚುಕಚ್ಚಾಗಿ ಮೂಡಿದಾಗ ಹೆಂಡತಿ ಹೌಹಾರಿದಳು.

"ಇದೇನ್ರೀ, ಹುಟ್ಟೋವಾಗ್ಲೇ ಮುಕ್ಕಾಗಿದೆ!"

"ಸವೆದು ನೇರ ಆಗುತ್ತೆ ಬಿಡು."

ಆಯಿತು. ಅಂದಿನಿಂದ ನಾನು ನಮ್ಮ ಮನೆಯ ದಂತಶಾಸ್ತ್ರ ಪಾರಂಗತ, ದವಡೆ ಸಾರ್ವಭೌಮ. ಆ ಪಟ್ಟದಲ್ಲಿ ಎರಡು ವರ್ಷ ಸುಖವಾಗಿ ಕೂತಿದ್ದೆ.

ಮಗಳಿಗೆ ಎಂಟು ತುಂಬಿತು. ಒಂದು ದಿನ ಅವಳು ಒಂದೇ ಪಕ್ಕದಲ್ಲಿ ಅಗಿಯುತ್ತಿರುವುದು ಹೆಂಡತಿಯ ಕಣ್ಣಿಗೆ ಬಿತ್ತು. ನಾನು ಟಾರ್ಚು ಹಿಡಿದು ಪರೀಕ್ಷಿಸಿದೆ. ಕೆಳಗಡೆ ಎಡಕ್ಕೆ, ಎಲ್ಲಕ್ಕಿಂತ ಹಿಂದಿನ ಹಲ್ಲಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು. ನನ್ನ ದಾಖಲೆ ತೆಗೆದು ನೋಡಿದೆ. ಆ ಜಾಗದಲ್ಲಿ ಇದುವರೆಗೆ ಯಾವ ಹಲ್ಲೂ ಬಿದ್ದಿಲ್ಲ. ಬೀಳದೆ ಹೊಸದು ಬರುವುದಿಲ್ಲ. ಹೊಸದಲ್ಲದ್ದು ಹಾಲುಹಲ್ಲು. ಹಾಲುಹಲ್ಲು ಬೀಳತಕ್ಕದ್ದು. ತರ್ಕದಲ್ಲಿ ಎಲ್ಲಾದರೂ ತೂತಿದೆಯೇ ಹೇಳಿ. (ತೂತು ಇದ್ದದ್ದು ಹಲ್ಲಿನಲ್ಲಿ ಮಾತ್ರ ಎಂದು ನಾನು ತಿಳಿದಿದ್ದೆ.)

"ಡಾಕ್ಟರ ಹತ್ರ ಹೋಗಿ ಬರೋಣ್ರೀ," ಎಂದಳು ಹೆಂಡತಿ.

"ಯಾತಕ್ಕೆ? ನಾಳೆ ಬೀಳೋ ಗೋಡೆಗೆ ಇವತ್ತು ಯಾರಾದ್ರೂ ಸುಣ್ಣ ಹೊಡೀತಾರಾ?"

"ಬೀಳೋವರೆಗೆ ಅದರಲ್ಲಿ ಅಗೀಬೇಕಾದವಳು ಅವಳು."

"ನನ್ನದು ಹತ್ತೊಂಬತ್ತು ವರ್ಷದ ಅನುಭವ ಕಣೇ."

"ಹಸುಗಳದ್ದು."

"ಹಲ್ಲು ಅಂದ್ರೆ ಹಲ್ಲೇ."

"ಹಾಗಾದ್ರೆ ನಾಳೆಯಿಂದ ಅವಳ ಡಬ್ಬಿಗೆ ಹುಲ್ಲು ತುಂಬ್ಲಾ?"

ಇಂಥ ಕುಹಕಕ್ಕೆ ವಿದ್ವಾಂಸರು ಉತ್ತರ ಕೊಡಬಾರದು. ನಾನು ಕೊಡಲಿಲ್ಲ. ಹೀಗೆ ಮೂರು ತಿಂಗಳು ಕಳೆಯಿತು. ಸಾಸಿವೆ ಕಾಳು ಮೆಣಸಿನ ಕಾಳಾಯಿತು. ಒಂದು ಬೆಳಿಗ್ಗೆ ಮಗಳು ತಣ್ಣೀರು ಕುಡಿದವಳೇ ಕೆನ್ನೆ ಹಿಡಿದುಕೊಂಡು ಕುಳಿತಳು. ಅಳಲಿಲ್ಲ. ಶಬ್ದವಿಲ್ಲದೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಅಪ್ಪ, ಇದು ಯಾವಾಗ ಬೀಳುತ್ತೆ?" ಎಂದು ಕೇಳಿದಳು. ಅವಳು ನನ್ನ ಮಾತು ನಂಬಿ ಅಷ್ಟು ದಿನ ಕಾಯುತ್ತಿದ್ದಳು. ನನ್ನ ಜೀವ ಬಾಯಿಗೆ ಬಂತು.

ದಂತವೈದ್ಯೆಯ ಕೋಣೆಯಲ್ಲಿ ಉದ್ದನೆಯ ಕುರ್ಚಿ, ಅದರ ನೆತ್ತಿಯ ಮೇಲೆ ಬಗ್ಗಿದ ದೀಪ, ಮೇಜಿನ ಮೇಲೆ ಪ್ಲಾಸ್ಟರಿನ ದವಡೆಯೊಂದು ಯಾರ ಹಂಗೂ ಇಲ್ಲದೆ ನಗುತ್ತಿತ್ತು. ವೈದ್ಯೆ ನನ್ನ ಹೆಂಡತಿಯ ವಯಸ್ಸಿನವರು, ಮಾತು ಮೃದು. ನಾನು ವೃತ್ತಿಬಾಂಧವನ ಧಾಟಿಯಲ್ಲಿ, "ಎಡಗಡೆ ಕೊನೇದು. ಹಾಲುಹಲ್ಲು, ಗಾಬರಿ ಏನಿಲ್ಲ," ಎಂದು ವರದಿ ಒಪ್ಪಿಸಿದೆ.

"ಯಾವುದು? ಎಲ್ಲಕ್ಕಿಂತ ಹಿಂದಿನದಾ?" ಎಂದು ಅವರು ಪ್ಲಾಸ್ಟರಿನ ದವಡೆ ಎತ್ತಿಕೊಂಡರು. "ಅದು ಹಾಲುಹಲ್ಲಲ್ಲ. ಆರು ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ ಹೊಸದಾಗಿ ಹುಟ್ಟುತ್ತೆ. ಯಾರನ್ನೂ ಬೀಳಿಸೋಲ್ಲ, ಯಾರ ಜಾಗಾನೂ ಕೇಳೋಲ್ಲ. ಅದಕ್ಕೇ ಅಪ್ಪ ಅಮ್ಮಂದಿರಿಗೆ ಗೊತ್ತಾಗೋದೇ ಇಲ್ಲ. ಅದು ಜೀವಮಾನಕ್ಕೆ ಒಂದೇ ಸಲ ಬರೋ ಹಲ್ಲು. ಹೋದ್ರೆ ಇನ್ನೊಂದಿಲ್ಲ."

ಹೆಂಡತಿ ನನ್ನ ಕಡೆ ನೋಡಿದಳು. ಬೈದಿದ್ದರೆ ಸಹಿಸುತ್ತಿದ್ದೆ. ಬರೀ ನೋಡಿದಳು. ಎಂಬತ್ತು ವರ್ಷ ಅಗಿಯಬೇಕಾದ ಹಲ್ಲನ್ನು ನಾನು ಎರಡೇ ವರ್ಷಕ್ಕೆ ಹುಳುಕಿಗೆ ಒಪ್ಪಿಸಿದ್ದೆ. ಅದೂ ಮುದ್ರೆ ಒತ್ತಿ. ಆ ಕೋಣೆಯ ನೆಲ ಬಾಯ್ಬಿಟ್ಟಿದ್ದರೆ, ಹಲ್ಲಿದೆಯೋ ಇಲ್ಲವೋ ನೋಡದೆ ಒಳಗೆ ಇಳಿದುಬಿಡುತ್ತಿದ್ದೆ.

"ಉಳಿಯುತ್ತಾ ಡಾಕ್ಟ್ರೇ?" ಎಂದೆ.

"ನೋಡ್ಬೇಕು. ಬಾಯಿ ತೆರಿ ಪುಟ್ಟಿ."

ಪುಟ್ಟಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ವೈದ್ಯೆ ಕತೆ ಹೇಳಿದರು. ಹೆಂಡತಿ ಗದರಿಸಿದಳು, ಗೋಗರೆದಳು. ನಾನು ಗೊಂಬೆ, ಸೈಕಲ್ಲು, ಕೊನೆಗೆ ನಾಯಿಮರಿಯವರೆಗೆ ಹೋದೆ. (ನಾಯಿಮರಿಗೆ ಹೆಂಡತಿ ಕೆಮ್ಮಿದಳು.) ಏನೂ ಫಲಿಸಲಿಲ್ಲ. ಹೊರಗೆ ಇನ್ನೂ ಐದು ಜನ ಕಾಯುತ್ತಿದ್ದರು. ಇವತ್ತು ತುಂಬದಿದ್ದರೆ ಹುಳುಕು ನರ ಮುಟ್ಟಬಹುದು ಎಂದು ವೈದ್ಯೆ ಹೆಂಡತಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಕೊನೆಗೆ ಮಗಳು ತುಟಿ ಅರ್ಧ ಇಂಚು ಬಿಡಿಸಿ ಎರಡೇ ಪದ ಹೇಳಿದಳು:

"ಮೊದಲು ಅಪ್ಪ."

ಕುರ್ಚಿ ಹತ್ತಿ ಒರಗಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನಾನು ಬಾಯಿಯ ಈ ಕಡೆಗಿದ್ದೆ. ವೈದ್ಯೆ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು ನನ್ನ ಬಾಯೊಳಗೆ ಪಾಠ ಶುರುಮಾಡಿದರು. "ನೋಡು, ಇವು ಬಾಚಿಹಲ್ಲು, ಕತ್ತರಿಸೋಕೆ. ಇದು ಕೋರೆಹಲ್ಲು, ಹರಿಯೋಕೆ. ಹಿಂದಿನವು ಅರೆಯೋಕೆ. ದೊಡ್ಡವರಿಗೆ ಮೂವತ್ತೆರಡು. ಒಂದು, ಎರಡು, ಮೂರು..." ಕೆಳಗಡೆ ಬಲಕ್ಕೆ ಬಂದು ಎಣಿಕೆ ನಿಂತಿತು. ಟಕ್ ಟಕ್ ಎಂದು ತಟ್ಟಿದರು. ಕನ್ನಡಿ ತಿರುಗಿಸಿದರು. ಮತ್ತೆ ತಟ್ಟಿದರು.

"ನಿಮಗೆ ವಯಸ್ಸೆಷ್ಟು?"

"ಆಆಲ್ವತ್ತಾಆಕು," ಎಂದೆ, ಬಾಯಲ್ಲಿ ಕನ್ನಡಿ ಇಟ್ಟುಕೊಂಡು.

"ನಲವತ್ನಾಲ್ಕಂತೆ," ಎಂದು ಹೆಂಡತಿ ಅನುವಾದಿಸಿದಳು.

ಎಕ್ಸ್‌ರೇ ತೆಗೆದರು. ಪರದೆಯ ಮೇಲೆ ನನ್ನ ದವಡೆ ಬೂದುಬಣ್ಣದಲ್ಲಿ ಮೂಡಿತು. "ಇದು ಹಾಲುಹಲ್ಲು," ಎಂದರು ವೈದ್ಯೆ. "ಹನ್ನೊಂದು ಹನ್ನೆರಡಕ್ಕೆ ಬೀಳಬೇಕಿತ್ತು. ಕೆಳಗಿಂದ ಬರಬೇಕಾದ ಹಲ್ಲು ಹುಟ್ಟಲೇ ಇಲ್ಲ. ಏಳು ಅನ್ನೋರು ಯಾರೂ ಇಲ್ದೆ ಇದು ಹಾಗೇ ಕೂತುಬಿಟ್ಟಿದೆ. ಕೆಲವರಿಗೆ ಹೀಗಾಗುತ್ತೆ, ಯೋಚನೆ ಮಾಡ್ಬೇಡಿ."

ಆಮೇಲೆ ನನ್ನ ಹೆಂಡತಿ, ಸಂಸಾರದ ಹದಿನಾಲ್ಕು ವರ್ಷಗಳಲ್ಲಿ ನಾನು ಕೇಳಿರದಷ್ಟು ವಿನಯದಿಂದ, "ಡಾಕ್ಟ್ರೇ, ಈ ಹಲ್ಲೊಂದನ್ನೇ ನೋಡಿ ವಯಸ್ಸು ಬರೀಬೇಕಾದ್ರೆ ಇವರಿಗೆ ಎಷ್ಟು ಅಂತ ಬರೀತೀರಿ?" ಎಂದಳು.

"ಹನ್ನೆರಡರ ಒಳಗೆ," ಎಂದರು ವೈದ್ಯೆ. ಅವರಿಗೆ ನನ್ನ ಉದ್ಯೋಗ ಗೊತ್ತಿರಲಿಲ್ಲ.

ಮಗಳು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಪರದೆಯ ಮೇಲಿನ ಹಲ್ಲನ್ನು ನೋಡಿದಳು. "ಅಪ್ಪಂಗೆ ಹಾಲುಹಲ್ಲು!" ಎಂದು ಕಿರುಚಿ, ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆದು ನಗತೊಡಗಿದಳು. ವೈದ್ಯೆ ಆ ಬಾಯಿಯನ್ನು ಬಿಡಲಿಲ್ಲ. ಕಣ್ಣುಮುಚ್ಚಿ ತೆರೆಯುವುದರಲ್ಲಿ ನಾನು ಕುರ್ಚಿಯಿಂದ ಕೆಳಗೆ, ಅವಳು ಮೇಲೆ.

"ನೀವು ಎದುರಿಗೆ ನಿಂತು ಆ ಹಲ್ಲು ತೋರಿಸ್ತಾ ಇರಿ," ಎಂದು ನನಗೆ ಅಪ್ಪಣೆಯಾಯಿತು.

ಮುಕ್ಕಾಲು ಗಂಟೆ ನಿಂತೆ. ತುಟಿಯನ್ನು ನಾನೇ ಎಳೆದು ಹಿಡಿದು, ಬೆರಳಿನಿಂದ ಆ ಹಲ್ಲನ್ನು ತೋರಿಸುತ್ತ, ಇಂಗು ತಿಂದ ಮಂಗನಂತೆ. ಅವಳ ನಗು ಇಳಿದಾಗಲೆಲ್ಲ ಹೆಂಡತಿ ನನ್ನ ಪಕ್ಕೆಗೆ ತಿವಿದು, "ಇನ್ನೂ ಅಗಲ," ಅನ್ನುತ್ತಿದ್ದಳು. ಹುಳುಕು ನರಕ್ಕೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತಂತೆ. ತುಂಬಿದರು. ಹಲ್ಲು ಉಳಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ದವಡೆ ನೋವಿಗೆ ಬಂದದ್ದೆಂದು ಎಲ್ಲರೂ ತಿಳಿದರು, ನಾನೂ ತಿದ್ದಲಿಲ್ಲ.

ಅಂದಿನಿಂದ ನನಗೆ ನಿದ್ದೆಯಿಲ್ಲ. ನನ್ನ ಬಾಯಲ್ಲೇ ಇಂಥ ಮೋಸ ನಲವತ್ತು ವರ್ಷ ಅಡಗಿ ಕೂತಿರಬಹುದಾದರೆ, ನಾನು ಸಹಿ ಹಾಕಿದ ಅಷ್ಟು ಸಾವಿರ ಹಸುಗಳ ಗತಿಯೇನು? ಅವುಗಳಲ್ಲಿ ಎಷ್ಟು ಅಜ್ಜಿಯರೋ, ಎಷ್ಟು ಕರುಗಳೋ. ಈಗ ಯಾವ ಹಸು ಬಾಯಿ ತೆರೆದರೂ ನನಗೆ ಅದು ಒಳಗೊಳಗೇ ನಗುತ್ತಿದೆ ಅನ್ನಿಸುತ್ತದೆ.

ಮನೆಯಲ್ಲಿ ಹಲ್ಲಿನ ಖಾತೆ ಮಗಳಿಗೆ ವರ್ಗಾವಣೆಯಾಗಿದೆ. ನನ್ನ ಆ ಹಲ್ಲಿಗೆ ವಾರಸುದಾರರು ಯಾರೂ ಇಲ್ಲ, ಜೋಪಾನ ಮಾಡಬೇಕೆಂದು ವೈದ್ಯೆ ಹೇಳಿದ್ದನ್ನು ಅವಳು ಗಂಭೀರವಾಗಿ ತೆಗೆದುಕೊಂಡಿದ್ದಾಳೆ. ದಿನಾ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ನಿಲ್ಲುತ್ತಾಳೆ. ಬಟಾಣಿಯಷ್ಟೇ ಪೇಸ್ಟು ಹಾಕಿಕೊಡುತ್ತಾಳೆ. ನಾನು ಉಜ್ಜಿ, ಬಾಯಿ ಮುಕ್ಕಳಿಸಿ, ಕಚೇರಿಗೆ ಹೊತ್ತಾಯಿತೆಂದು ತಪ್ಪಿಸಿಕೊಳ್ಳಲು ನೋಡುತ್ತೇನೆ.

"ಆ ಮಾಡಿ," ಅನ್ನುತ್ತಾಳೆ.

ಮಾಡುತ್ತೇನೆ.

"ಹಿಂದಿನವು ಸರಿಯಾಗಿ ಆಗಿಲ್ಲ. ದೊಡ್ಡೋರಾದ್ಮೇಲೆ ನಿಮಗೇ ಕಷ್ಟ ಅಪ್ಪ. ಇನ್ನೊಂದ್ಸಲ ಉಜ್ಜಿ."