ಬೆಳಕಿನ ಬಳೆಯೊಳಗಿನ ಮಣಿ

ಕಣಪ್ಪನ ಮಣಿ ಅಂದು ಬೆಳಗಿನಿಂದ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಕಣಪ್ಪ ಎಂಬುದು ಪ್ರಯೋಗಾಲಯದವರು ಇಟ್ಟ ಅಡ್ಡಹೆಸರು. ಲೇಸರ್ ಬೆಳಕನ್ನು ಬಳೆಯ ಆಕಾರಕ್ಕೆ ತಿದ್ದಿ, ನೀರಹನಿಯಲ್ಲಿ ತೇಲುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಯನ್ನು ಅದರ ನಡುವೆ ಹಿಡಿದು, ಬೇಕಾದ ಕಡೆ ಜರುಗಿಸುವುದು ಅವನ ಕೆಲಸ. ಪಕ್ಕದ ಬಾಗಿಲು ಬಡಿದರೆ ಸಾಕು, ಮಣಿ ಕಾದೆಣ್ಣೆಗೆ ಬಿದ್ದ ಸಾಸಿವೆಯಂತೆ ಚಿಮ್ಮಿ ಮಾಯ. ಗದ್ದಲವಿಲ್ಲದ ನೆಲಮಾಳಿಗೆಯ ಖಾಲಿ ಕೋಣೆಗಾಗಿ ಅವನು ಅಂಗಲಾಚುತ್ತಲೇ ಇದ್ದ. ಮೊದಲು ಒಂದು ಸಲ ಹಿಡಿದು ತೋರಿಸಿ, ಆಮೇಲೆ ಕೋಣೆಯ ಮಾತು ಎಂದಿದ್ದರು ಮುಖ್ಯಸ್ಥೆ. ನೋಡಲು ಅವರು ಬರುವ ದಿನ ಇದೇ.

ಸುದ್ದಿ ತಿಳಿದವರೆಲ್ಲ ನೆರವಿಗೆ ಬಂದರು. ಬಿಸಿ ಟೀ ಕುಡಿದರೆ ಕೈ ನಡುಗುವುದಿಲ್ಲವೆಂದು ಕ್ಯಾಂಟೀನಿನ ಅಕ್ಕ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಮಣಿ ಹೋಯಿತು. ಲೆಕ್ಕವಿಭಾಗದ ದಪ್ಪಣ್ಣ ಧೈರ್ಯ ಹೇಳಲು ಬಂದ. ಅವನು ಹೆಜ್ಜೆಯಿಟ್ಟರೆ ನೆಲವೇ ಬೆಚ್ಚಿಬೀಳುತ್ತಿತ್ತು. ಮಣಿ ಮತ್ತೆ ಹೋಯಿತು. ಕಣಪ್ಪನ ಹೆಂಡತಿಯ ಅಣ್ಣ ಅಲ್ಲೇ ಸ್ಟೋರಿನಲ್ಲಿ ಕೆಲಸಕ್ಕಿದ್ದ; ಅವನು ಮೇಜಿನ ಕಾಲಿಗೆ ಬೆಣೆ ಹೊಡೆಯುತ್ತೇನೆಂದು ಸುತ್ತಿಗೆ ಹಿಡಿದೇ ಬಂದ.

"ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಸುತ್ತಿಗೆ ಬೇಡ."

"ಬೀಳ್ಬೇಡಿ ಮಾರಾಯ್ರೆ, ನೆಲ ಅದುರುತ್ತೆ," ಎಂದ ಭಾವ.

ಕಣಪ್ಪ ಹೇಗೋ ಮಣಿಯನ್ನು ಮತ್ತೆ ಬಳೆಯೊಳಗೆ ಹಿಡಿದ. ಅಷ್ಟರಲ್ಲಿ ಹೊರಗೆ ಮುಖ್ಯಸ್ಥೆ ಚಪ್ಪಲಿ ಬಿಡುವ ಸದ್ದಾಯಿತು. ಈಗ ಇವರನ್ನು ಕಳಿಸಿದರೆ ಹೆಜ್ಜೆಗಳಿಗೇ ಮಣಿ ಹಾರೀತು. ನಿಂತಲ್ಲೇ ನಿಲ್ಲಿ, ಉಸಿರನ್ನೂ ಮೆಲ್ಲಗೆ ಬಿಡಿ ಎಂದು ಕಣಪ್ಪ ಪಿಸುಗುಟ್ಟಿ ಕೈಮುಗಿದ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಭಾವ ಸುತ್ತಿಗೆಯನ್ನು ಹಸುಗೂಸಿನಂತೆ ಎದೆಗಪ್ಪಿಕೊಂಡ. ಎತ್ತಿದ ಕಾಲನ್ನು ಇಳಿಸಲಾಗದೆ ದಪ್ಪಣ್ಣ ಕೊಕ್ಕರೆಯಾದ.

ಮುಖ್ಯಸ್ಥೆ ಬರಿಗಾಲಲ್ಲಿ ಬಂದು ಸೂಕ್ಷ್ಮದರ್ಶಕದ ಪರದೆ ನೋಡಿದರು. ಬಳೆಯ ನಡುವೆ ಮಣಿ ಕೂತಿತ್ತು. ಕಣಪ್ಪ ತಿರುಗಣೆ ತಿರುಗಿಸಿದ. ಮಣಿ ಎಡಕ್ಕೆ ಬಂತು, ಬಲಕ್ಕೆ ಹೋಯಿತು, ಹೇಳಿದ ಮಾತು ಕೇಳುವ ಮಗುವಿನಂತೆ. ಅವನ ಕಣ್ಣು ಮಂಜಾಯಿತು.

ಮುಖ್ಯಸ್ಥೆಯ ಮುಖ ಅರಳಿತು. "ಇಷ್ಟು ಜನ ತುಂಬಿರೋ ಕೋಣೇಲೇ ಹಿಡಿದುಬಿಟ್ರಲ್ಲ! ಇನ್ನು ನಿಮಗೆ ನೆಲಮಾಳಿಗೆ ಯಾಕೆ? ಅದನ್ನ ಬೇರೆಯವರಿಗೆ ಕೊಡ್ತೀನಿ."

ಅವರು ಅತ್ತ ಹೋದದ್ದೇ ತಡ, ದಪ್ಪಣ್ಣನ ಕಾಲು ಇಳಿಯಿತು. ಮಣಿ ಹಾರಿತು.

ಕಣಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನದೊಂದು ಮಣಿಗಾಗಿ ಉಸಿರು ಬಿಗಿಹಿಡಿದು ಬೆವರುತ್ತಿದ್ದ ಮೂರು ಮುಖಗಳನ್ನು ಕಂಡು ಅವನು ಅಕ್ಕ ತಂದ ಟೀ ಎತ್ತಿಕೊಂಡು ಒಂದು ಗುಟುಕು ಕುಡಿದ.

"ನೀವಿಲ್ಲದಿದ್ರೆ ಇವತ್ತು ಅದು ನಿಲ್ತಾನೇ ಇರಲಿಲ್ಲ," ಎಂದ, ಮನಸ್ಸಿನಿಂದಲೇ.

"ಅದಕ್ಕೇನಂತೆ," ಎಂದು ಭಾವ ಪ್ರೀತಿಯಿಂದ ಮೇಜು ತಟ್ಟಿದ. "ನಾಳೆಯಿಂದ ದಿನಾ ಬರ್ತೀವಿ."