ಆಮೆನ್ ಹೇಳುವ ತನಕ

ಈ ಸಂಗತಿ ಹೇಳುವುದನ್ನು ಪ್ರತಿ ಆಗಮನ ಕಾಲದಲ್ಲೂ ಮುಂದಿನ ಆಗಮನ ಕಾಲಕ್ಕೆ ದೂಡುತ್ತ ಬಂದಿದ್ದೇನೆ. ಕ್ರಿಸ್ಮಸ್ಸಿಗೆ ಮುಂಚಿನ ಆ ವಾರಗಳು ನಮ್ಮವರು ದೇವರಿಗಾಗಿ ಎಚ್ಚರದಿಂದ ಕಾಯುವ ಕಾಲ. ಕಾಯುವುದರ ಬಗ್ಗೆ ಮಾತಾಡುವುದರಲ್ಲಿ ಕಲಬುರಗಿಯ ನಮ್ಮ ಇಡೀ ಖೂಬಾ ಪ್ಲಾಟ್ ಬಡಾವಣೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ.

ಕಮಲಾಪುರದಲ್ಲಿದ್ದ ನನ್ನ ಅಕ್ಕ ಎದೆನೋವಿನವಳು. ಒಂದು ಆಗಮನ ಕಾಲದ ಭಾನುವಾರ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡು, ನಡೆಸಿಕೊಡಲು ನನ್ನನ್ನು ಕರೆದಿದ್ದಳು.

“ಸಣ್ಣದಾಗಿ ಮುಗಸ್ರಿ. ಅಕ್ಕಗ ಭಾಳ ಹೊತ್ತು ಕೂಡ್ಲಾಕ ಆಗಂಗಿಲ್ಲ,” ಎಂದಳು ಹೆಂಡತಿ.

“ಸಣ್ಣದು ಮಾಡ್ಲಾಕ ಕಲಬುರಗಿಯಿಂದ ನಾ ಯಾಕ ಹೋಗ್ಬೇಕು?” ಎಂದೆ.

ಬಸ್ಸಿನಲ್ಲಿ ‘ಎಚ್ಚರವಾಗಿರಿ’ ಎಂಬ ನನ್ನ ಉಪದೇಶವನ್ನು ಮನಸ್ಸಿನಲ್ಲೇ ಒಪ್ಪಿಸುತ್ತ ನಿದ್ದೆ ಹೋದೆ. ಕಣ್ಣು ಬಿಟ್ಟರೆ ಕಮಲಾಪುರ ದಾಟಿ ಹುಮನಾಬಾದ್!

“ಕಮಲಾಪುರ ಅಂತ ಗಂಟಲು ಹರಕೊಂಡೀನ್ರೀ ಅಜ್ಜಾರ,” ಎಂದ ಕಂಡಕ್ಟರ್. “ತುಟಿ ಅಲ್ಲಾಡಾಕತ್ತಿದ್ವು. ಜಪ ಅದ, ಕೆಡಿಸಬಾರ್ದಂತ ಬಿಟ್ಟೆ.”

ಹಿಂದಿರುಗಿ ಕಮಲಾಪುರ ಮುಟ್ಟುವಷ್ಟರಲ್ಲಿ ಸಂಜೆ. ಪ್ರಾರ್ಥನೆಗೆ ಸೇರಿದವರ ನಡುವೆ ಅಕ್ಕ ಕುರ್ಚಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು.

“ಬಂದ್ಯಾ ತಮ್ಮಾ? ಇವ್ರೆಲ್ಲಾ ಎದ್ದು ಹೊಂಟಿದ್ರು. ನಾನೇ ಕೂಡಿಸೀನಿ.”

“ಮಾಮಾ, ಅತ್ತಿ ಮುಂಜಾನಿಯಿಂದ ಏನೂ ತಿಂದಿಲ್ರೀ,” ಎಂದಳು ಅಕ್ಕನ ಸೊಸೆ. “ಜಲ್ದಿ ಮುಗಸ್ರಿ.”

ತಡವಾಗಿ ಬಂದ ಅವಮಾನವನ್ನು ಪ್ರಾರ್ಥನೆಯ ಉದ್ದದಿಂದ ತೊಳೆಯುವುದು ಎಂದು ನಿಶ್ಚಯಿಸಿದೆ. ಎಲ್ಲರೂ ಮೊಣಕಾಲೂರಿ ಕಣ್ಣು ಮುಚ್ಚಿದರು. ನಮ್ಮಲ್ಲಿ ಒಮ್ಮೆ ಹೀಗೆ ಕೂತರೆ, ನಡೆಸುವವನು ಆಮೆನ್ ಹೇಳುವ ತನಕ ಯಾರೂ ಏಳುವಂತಿಲ್ಲ. ಆ ಅಧಿಕಾರ ಅಂದು ನನ್ನದಾಗಿತ್ತು. ನೆರೆಹೊರೆಯವರಿಂದ ಹಿಡಿದು ಅನ್ಯದೇಶದ ಅರಸರವರೆಗೆ ಯಾರನ್ನೂ ಬಿಡಲಿಲ್ಲ.

“ಮಾಮಾ,” ಸೊಸೆಯ ದನಿ ಮೆಲ್ಲಗೆ ಬಂತು. “ಅತ್ತಿ ಬೆವರಾಕತ್ತಾರ್ರೀ. ದವಾಖಾನಿಗಿ ಒಯ್ಯೋಣ್ರೀ.”

ನಾನು ಕಣ್ಣು ತೆರೆಯಲಿಲ್ಲ. ಕೈ ಎತ್ತಿದೆ.

“ಜರಾ ತಡಿಯವ್ವಾ. ದೇವ್ರ ಮುಂದ ಗಡಬಡಿ ಮಾಡಬಾರ್ದು.”

ಮನೆಯ ಸೊಸೆಯಂದಿರಿಗೆ ತಾಳ್ಮೆ ಕೊಡು ಎಂದು ದೇವರಲ್ಲಿ ಇನ್ನೊಂದು ಬಿನ್ನಹ ಸೇರಿಸಿದೆ.

ಕೊನೆಗೂ ಆಮೆನ್ ಹೇಳಿದೆ. ಎಲ್ಲರೂ ಹೇಳಿದರು. ಅಕ್ಕ ಹೇಳಲಿಲ್ಲ.

“ಸ್ವಲ್ಪ ಮೊದಲೇ ತಂದಿದ್ರ ನೋಡಬಹುದಿತ್ತು,” ಎಂದರು ಡಾಕ್ಟರು.

ಮರುದಿನ ಸಮಾಧಿಯ ಹತ್ತಿರ ಹೆಂಗಸರ ಮಾತು ನನ್ನ ಕಿವಿಗೂ ಬಿತ್ತು. “ಸೊಸಿ ಬಾಜೂಕೇ ಕುಂತಿದ್ಳು. ಲಕ್ಷ್ಯಾ ಕೊಟ್ಟಿಲ್ಲ ನೋಡ್.” ಅದು ಅವಳಿಗೂ ಕೇಳಿಸಿತು. ನನ್ನ ಕಡೆ ನೋಡಿದಳು. ನನ್ನಿಂದ ಒಂದು ವಾಕ್ಯ ಸಾಕಿತ್ತು. ಮಾತಿಗೆ ಹೆಸರಾದ ನಾನು ಬಗ್ಗಿ ಮಣ್ಣು ಹಾಕುವುದರಲ್ಲಿ ತಲ್ಲೀನನಾದೆ.

ಕಮಲಾಪುರದಲ್ಲಿ ಈಗಲೂ ಅವಳ ಬೆನ್ನ ಹಿಂದೆ ಆ ಮಾತಿದೆ. ನಾನು ಪ್ರತಿ ಭಾನುವಾರ ದೇವರಲ್ಲಿ ಕ್ಷಮೆ ಕೇಳುತ್ತೇನೆ. ಅದರಲ್ಲಿ ಕೈ ಚೆನ್ನಾಗಿ ಪಳಗಿದೆ. ಅಲ್ಲಿ ಯಾರೂ ಎದುರಿಗೆ ನಿಂತು ಮುಖ ನೋಡುವುದಿಲ್ಲವಲ್ಲ! ಕೇಳಬೇಕಾದದ್ದು ಅಕ್ಕನ ಸೊಸೆಯನ್ನು. ಅವಳ ಹೆಸರು ಸುನಂದಾ.